ಕತ್ತರಿ ತಾಗದ ಬಟ್ಟೆ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಹಳೆಯ ಬಟ್ಟೆಯೊಂದು ಸಂರಕ್ಷಣೆಗೆಂದು ನನ್ನ ಮೇಜಿಗೆ ಬಂದರೆ, ಬಣ್ಣಕ್ಕಿಂತ ಮೊದಲು ಅದರ ಅಂಚುಗಳನ್ನು ನೋಡುತ್ತೇನೆ. ಅಲ್ಲಿನ ಮೂಲನಿವಾಸಿ ನೇಕಾರರು ಥಾನು ನೇಯ್ದು ಕತ್ತರಿಸಿ ಹೊಲಿಯುತ್ತಿರಲಿಲ್ಲ. ಹೊದಿಕೆಯಾಗಲಿ, ಸಣ್ಣ ಚೀಲವಾಗಲಿ, ಬೇಕಾದ ಅಳತೆಗೇ ಹಾಸು, ಅಂದರೆ ಉದ್ದದ ನೂಲು, ಹೂಡಿ, ನಾಲ್ಕೂ ಕಡೆ ಅಂಚು ಕಟ್ಟಿದ ಬಟ್ಟೆಯನ್ನು ಮಗ್ಗದಿಂದ ಇಳಿಸುತ್ತಿದ್ದರು.

ಹಾಸಿನ ನೂಲನ್ನು ಎಲ್ಲಿಯೂ ಕಡಿಯದೆ ಎರಡು ಕೋಲುಗಳ ನಡುವೆ ಸುತ್ತಿರುವುದರಿಂದ, ನೇಯ್ಗೆ ಮುಗಿಯುತ್ತ ಬಂದಂತೆ ಎಳೆಗಳ ನಡುವಿನ ಸಂದು ಕಿರಿದಾಗಿ, ಕೊನೆಯ ಹೊಕ್ಕುಗಳನ್ನು, ಅಂದರೆ ಅಡ್ಡ ನೂಲುಗಳನ್ನು, ಸೂಜಿಯಿಂದ ಒಂದೊಂದಾಗಿ ತೂರಿಸಬೇಕಾಗುತ್ತದೆ. ಆ ಕೆಲವೇ ಬೆರಳಗಲದ ಜಾಗದಲ್ಲಿ ನೇಯ್ಗೆ ತುಸು ಸಡಿಲವಾಗಿರುತ್ತದೆ, ಚಿತ್ತಾರವೂ ಕೊಂಚ ಓರೆಯಾಗುತ್ತದೆ. ಅದನ್ನು ದೋಷವೆಂದು ಕರೆಯಲು ನನಗೆ ಮನಸ್ಸು ಬಾರದು. ನೇಯ್ದವರು ಯಾವ ತುದಿಯಲ್ಲಿ ಕೆಲಸ ಮುಗಿಸಿದರೆಂಬುದನ್ನು ಸಾವಿರಾರು ವರ್ಷಗಳ ಮೇಲೂ ತಿಳಿಸುವುದು ಅದೇ.

ಈ ಪರಂಪರೆಯ ಬೇರು ಮಗ್ಗಕ್ಕಿಂತಲೂ ಹಳೆಯದು. ಪೆರುವಿನ ಉತ್ತರ ಕರಾವಳಿಯ ಹುವಾಕಾ ಪ್ರಿಯೆಟಾದಲ್ಲಿ ದೊರೆತ, ಬಹುಪಾಲು ಕೈಯಲ್ಲೇ ಹೆಣೆದ ಹತ್ತಿಬಟ್ಟೆಗಳಲ್ಲಿ ಸುಮಾರು 6,000 ವರ್ಷಗಳ ಹಿಂದಿನ ನೀಲಿಬಣ್ಣವಿರುವುದು 2016ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ದಕ್ಷಿಣದ ಪರಾಕಾಸ್‌ನಲ್ಲಿ 1927ರಲ್ಲಿ ಪುರಾತತ್ತ್ವಜ್ಞ ಹೂಲಿಯೊ ತೆಯೊ ಅವರ ತಂಡ ಕಂಡ ಸಮಾಧಿನೆಲದಲ್ಲಿ 429 ಶವಗಂಟುಗಳಿದ್ದವು. ದೊಡ್ಡ ಗಂಟುಗಳಲ್ಲಿ ಸತ್ತವರನ್ನು ಪದರ ಪದರವಾಗಿ ಬಟ್ಟೆಯಿಂದ ಸುತ್ತಿದ್ದರು; ಕೆಲವು ಹೊದಿಕೆಗಳ ಕಸೂತಿ ಅರ್ಧಕ್ಕೇ ನಿಂತಿದೆ. ಮರಳಿನ ಒಣಗುಣದಿಂದ ಸುಮಾರು 2,000 ವರ್ಷಗಳ ಉಣ್ಣೆಯ ಬಣ್ಣ ಇಂದಿಗೂ ಮಾಸಿಲ್ಲ.

ಇಂಕಾ ಆಳ್ವಿಕೆಯಲ್ಲಂತೂ ಬಟ್ಟೆಯೇ ರಾಜ್ಯದ ಸಂಪತ್ತಾಗಿತ್ತು. ಕುಂಬಿ ಎಂಬ ಅತಿನಯದ ಬಟ್ಟೆಯನ್ನು ಅದಕ್ಕೆಂದೇ ನೇಮಕಗೊಂಡ ಪುರುಷರೂ ಅಕ್ಲಾ ಎಂಬ ಆಯ್ದ ಹೆಣ್ಣುಮಕ್ಕಳೂ ನೇಯುತ್ತಿದ್ದರು. ಅರಸ ಅದನ್ನು ಸಾಮಂತರಿಗೆ ಉಡುಗೊರೆಯಾಗಿ ಕೊಡುತ್ತಿದ್ದ, ದೇವರಿಗೆ ಅರ್ಪಿಸುವಾಗ ಬೆಂಕಿಗೆ ಹಾಕುತ್ತಿದ್ದರು. ಸೈನಿಕರಿಗೂ ರಾಜ್ಯದ ಉಗ್ರಾಣದಿಂದ ಬಟ್ಟೆ ಸಲ್ಲುತ್ತಿತ್ತು.

ಇಂಥ ಬಟ್ಟೆಗೆ ಕತ್ತರಿ ಹಾಕಿದವರು ಸಮಾಧಿ ಅಗೆದು ಮಾರಿದವರು. ಒಂದು ಹೊದಿಕೆ ನಾಲ್ಕು ತುಂಡಾದರೆ ನಾಲ್ವರಿಗೆ ಮಾರಬಹುದು, ಆದರೆ ಅದರ ಅಳತೆ, ಚಿತ್ತಾರದ ಸರದಿ, ಅದು ಸುತ್ತಿದ್ದ ದೇಹದ ಗುರುತು ಎಲ್ಲವೂ ಕಳೆದುಹೋಗುತ್ತವೆ. ಹಾಗೆ ಕದ್ದು ಸಾಗಿಸಿದ ಪರಾಕಾಸ್ ಬಟ್ಟೆಗಳನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರ 2014ರಿಂದ ಪೆರುವಿಗೆ ಮರಳಿಸತೊಡಗಿತು. ನಾನು ತುಂಡುಗಳನ್ನು ಆಸರೆಬಟ್ಟೆಗೆ ನವಿರಾದ ರೇಷ್ಮೆಯೆಳೆಯಿಂದ ಹಿಡಿದು ಕೂರಿಸುವಾಗ ಕತ್ತರಿಸಿದ ಕಡೆಯನ್ನು ಮಡಿಸಿ ಮುಚ್ಚುವುದಿಲ್ಲ. ನೇಕಾರರು ಕಟ್ಟಿದ ಅಂಚು ಯಾವುದು, ಕತ್ತರಿ ಬಿದ್ದ ಕಡೆ ಯಾವುದು ಎಂಬುದು ನೋಡುವವರ ಕಣ್ಣಿಗೆ ಕಾಣಬೇಕು.