ಓದುಗರ ಪ್ರಶ್ನೆ: ತಂಡವನ್ನು ಸೋಲಿಸಿದವರಿಗೆ ಪ್ರತಿಮೆ ಯಾಕೆ?

ಪ್ರಶ್ನೆ: ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಜಿಮ್ ಸ್ಟೈನ್ಸ್ ಪ್ರತಿಮೆ ನೋಡಿದೆ. 1987ರಲ್ಲಿ ಮೆಲ್ಬರ್ನ್ ಫೈನಲ್ ಸೋತಿದ್ದು ಇವರಿಂದಲೇ ಅಲ್ವಾ? ಮತ್ತೆ ಪ್ರತಿಮೆ ಯಾಕೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಇದು ಕ್ರಿಕೆಟ್ ಮಾತಲ್ಲ, ಆಸ್ಟ್ರೇಲಿಯನ್ ಫುಟ್‌ಬಾಲ್ ಮಾತು. ಸ್ಟೈನ್ಸ್ ಆಡುತ್ತಿದ್ದುದು ಮೆಲ್ಬರ್ನ್ ಕ್ಲಬ್ಬಿಗೆ. 1987ರ ಆ ಪಂದ್ಯ ಫೈನಲ್ ಅಲ್ಲ. ಫೈನಲ್‌ಗೆ ಹೋಗಲು ಗೆಲ್ಲಬೇಕಿದ್ದ ಪಂದ್ಯ. ನಮ್ಮ ಮಾತಿನಲ್ಲಿ ಸೆಮಿಫೈನಲ್. ಕೊನೆಯ ಗಳಿಗೆಯಲ್ಲಿ ಮೆಲ್ಬರ್ನ್ 4 ಪಾಯಿಂಟ್ ಮುಂದಿತ್ತು. ಹಾಥಾರ್ನ್ ತಂಡದ ಗ್ಯಾರಿ ಬಕನಾರಾಗೆ ಫ್ರೀ ಕಿಕ್ ಸಿಕ್ಕಿತು, ಆದರೆ ಗೋಲು ದೂರವಿತ್ತು. ಅಷ್ಟರಲ್ಲಿ ಸ್ಟೈನ್ಸ್ ಒಬ್ಬ ಎದುರಾಳಿಯ ಬೆನ್ನು ಹತ್ತಿ ಬಕನಾರಾ ಮುಂದೆಯೇ ಹಾದು ಓಡಿದರು. ಹಾಗೆ ಹಾಯುವಂತಿಲ್ಲ. ಅಂಪೈರ್ ಬಕನಾರಾರನ್ನು 15 ಮೀಟರ್ ಮುಂದಕ್ಕೆ ಕರೆದರು. ಆಟದ ಸಮಯ ಮುಗಿದ ಸೈರನ್ ಆದ ಮೇಲೆ ಬಕನಾರಾ ಒದ್ದ ಚೆಂಡು ಗೋಲಾಯಿತು. ಹಾಥಾರ್ನ್ 80, ಮೆಲ್ಬರ್ನ್ 78.

ತಪ್ಪಾಗಿದ್ದು ನಿಜ. ಆದರೆ ಸ್ಕೋರನ್ನೂ ಒಮ್ಮೆ ನೋಡಿ. ಮೆಲ್ಬರ್ನ್ ಗಳಿಸಿದ್ದು 10 ಗೋಲು, 18 ಬಿಹೈಂಡ್. ಗೋಲಿಗೆ 6 ಪಾಯಿಂಟ್. ಚೆಂಡು ನಡುಗಂಬಗಳನ್ನು ತಪ್ಪಿಸಿಕೊಂಡು ಪಕ್ಕದ ಕಂಬದ ಕಡೆ ಹೋದರೆ ಅದು ಬಿಹೈಂಡ್, ಸಿಗುವುದು ಬರೀ 1. ಆ 18ರಲ್ಲಿ ಒಂದೇ ಒಂದು ನೆಟ್ಟಗೆ ಹೋಗಿದ್ದರೆ ಮೆಲ್ಬರ್ನ್ 83 ಆಗುತ್ತಿತ್ತು. ಬಕನಾರಾ ಗೋಲು ಹೊಡೆದರೂ ಗೆಲುವು ಇವರದೇ. ಆ ಒದೆತಗಳು ಯಾರಿಗೂ ನೆನಪಿಲ್ಲ. 21ರ ಹುಡುಗನ ಒಂದು ಓಟ ಮಾತ್ರ ಎಲ್ಲರಿಗೂ ನೆನಪು. ಅದೂ ಡಬ್ಲಿನ್‌ನಲ್ಲಿ ಗುಂಡು ಚೆಂಡಿನ ಗೇಲಿಕ್ ಫುಟ್‌ಬಾಲ್ ಆಡಿ ಬೆಳೆದ ಹುಡುಗ. 18ನೇ ವಯಸ್ಸಿಗೆ ಮೆಲ್ಬರ್ನ್‌ಗೆ ಬಂದ ಮೇಲೆಯೇ ಈ ಮೊಟ್ಟೆಯಾಕಾರದ ಚೆಂಡಿನ ಆಟ ಕಲಿತದ್ದು. ಹಿರಿಯರ ತಂಡದಲ್ಲಿ ಅದು ಅವರ ಮೊದಲ ವರ್ಷ. ಸೋಲಿನ ಹೊರೆಯನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಾ?

ಮರುವರ್ಷವೇ ಮೆಲ್ಬರ್ನ್ ಫೈನಲ್ ತಲುಪಿತು. ತಂಡದಲ್ಲಿ ಸ್ಟೈನ್ಸ್ ಇದ್ದರು. 1991ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವೂ ಅವರಿಗೆ ಬಂತು. ಅದಕ್ಕೆ ಮತ ಹಾಕುವವರು ಅಂಪೈರ್‌ಗಳೇ, ಇದನ್ನು ಗಮನಿಸಿ.

ಪ್ರತಿಮೆಗೆ ಆಟವೊಂದೇ ಕಾರಣವಲ್ಲ. 1994ರಲ್ಲಿ ಗೆಳೆಯರೊಬ್ಬರ ಜೊತೆ ಸೇರಿ ಹದಿಹರೆಯದವರಿಗಾಗಿ ರೀಚ್ ಸಂಸ್ಥೆ ಕಟ್ಟಿದರು. 2008ರಲ್ಲಿ ಸಾಲದಲ್ಲಿ ಮುಳುಗಿದ್ದ ಕ್ಲಬ್ಬಿನ ಅಧ್ಯಕ್ಷರಾದರು. ಮರುವರ್ಷ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೇ ಸಾಲ ತೀರಿಸುವ ಕೆಲಸ ಮುಂದುವರಿಸಿದರು. 2012ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 45 ವರ್ಷ. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು.

ನೀವು ಕೇಳಲಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಸ್ಟೈನ್ಸ್ ಸತತ 244 ಪಂದ್ಯ ಆಡಿದರು, ನಡುವೆ ಒಂದನ್ನೂ ಬಿಡದೆ. ಗಾಯವೇ ಆಗಲಿಲ್ಲ ಅಂತಲ್ಲ. 1993ರಲ್ಲಿ ಪಕ್ಕೆಲುಬಿಗೆ ಜೋರು ಪೆಟ್ಟು ಬಿದ್ದು, ಹಲವು ವಾರ ಆಡುವುದು ಕಷ್ಟ ಅಂದಿದ್ದರು. ಮುಂದಿನ ವಾರವೇ ಮೈದಾನಕ್ಕಿಳಿದರು. ಕೊನೆಗೆ 1998ರಲ್ಲಿ ಕೈ ಮೂಳೆ ಮುರಿದಾಗಲೇ ಆ ಸರಣಿ ನಿಂತಿತು. ಅದೇ ವರ್ಷ ಅವರು ಆಟವನ್ನೂ ಬಿಟ್ಟರು.