ಎಡ ರೆಕ್ಕೆಯ ಗರಿಯೋ, ಬಲ ರೆಕ್ಕೆಯ ಗರಿಯೋ?

ಪ್ರಶ್ನೆ: ನಾನು ಬಲಗೈ ಬಿಲ್ಲುಗಾರ. ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಶೆಲ್ಫಿನ (ಹಿಡಿಯ ಮೇಲ್ಗಡೆ ಕೊರೆದ ಕಿರುಕಟ್ಟೆಯ) ಮೇಲೆಯೇ ಬಾಣವಿಟ್ಟು ಹೊಡೆಯುತ್ತೇನೆ. ಬೇಟೆಯ ಬಾಣಗಳಿಗೆ ನಾನೇ ಗರಿ ಅಂಟಿಸಬೇಕೆಂದಿದ್ದೇನೆ. ಬಲಗೈಯವರು ಎಡ ರೆಕ್ಕೆಯ ಗರಿಯನ್ನೇ ಬಳಸಬೇಕೆಂದು ಒಬ್ಬರು ಹೇಳಿದರೆ, ಬಲ ರೆಕ್ಕೆಯದನ್ನೇ ಬಳಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಒಂದು ಬಾಣದ ಮೇಲಿನ ಗರಿಗಳೆಲ್ಲ ಒಂದೇ ಕಡೆಯ ರೆಕ್ಕೆಯವಾಗಿದ್ದರೆ ಸಾಕು. ಈ ಪ್ರಶ್ನೆಗೆ ಇದು ಎಷ್ಟನೆಯ ಉತ್ತರ ಎಂಬ ಲೆಕ್ಕವನ್ನು ನಾನು ಎಂದೋ ಬಿಟ್ಟಿದ್ದೇನೆ. ಎರಡು ಸಾಲಿನ ಉತ್ತರ ಕೊಟ್ಟಾಗಲೆಲ್ಲ ಅದೇ ಪ್ರಶ್ನೆ ಬೇರೆ ಬಾಯಿಂದ ಮರಳಿ ಬಂದಿದೆ. ಆದ್ದರಿಂದ ಈ ಸಲ ಕಾರಣಗಳನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ನಿಜವಾದ ನಿಯಮವನ್ನು ನೋಡೋಣ. ಇಂದು ಬಾಣಕ್ಕೆ ಬಳಕೆಯಾಗುವ ಗರಿ ಬಹುಮಟ್ಟಿಗೆ ಟರ್ಕಿ ಕೋಳಿಯ ರೆಕ್ಕೆಯದು. ರೆಕ್ಕೆಯ ಗರಿಗೆ ಹುಟ್ಟಿನಿಂದಲೇ ಒಂದು ಬಾಗು ಇರುತ್ತದೆ; ಅದರ ಒಂದು ಮೈ ನುಣುಪು, ಇನ್ನೊಂದು ತುಸು ಒರಟು. ಎಡ ಮತ್ತು ಬಲ ರೆಕ್ಕೆಗಳ ಗರಿಗಳು ಕನ್ನಡಿಯೊಳಗಿನ ಪ್ರತಿಬಿಂಬದಂತೆ ಒಂದಕ್ಕೊಂದು ವಿರುದ್ಧವಾಗಿ ಬಾಗಿರುತ್ತವೆ. ಬಲ ರೆಕ್ಕೆಯ ಗರಿಗಳು ಬಾಣವನ್ನು, ಹಿಂದಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತವೆ. ಎಡ ರೆಕ್ಕೆಯವು ಅದರ ವಿರುದ್ಧ ದಿಕ್ಕಿಗೆ. ಒಂದೇ ಬಾಣದಲ್ಲಿ ಎರಡನ್ನೂ ಬೆರೆಸಿದರೆ ಒಂದು ಗರಿ ತಿರುಗಿಸಲು ಹೊರಟದ್ದನ್ನು ಇನ್ನೊಂದು ತಡೆಯುತ್ತದೆ. ಒಮ್ಮೆ ಸಂಜೆಯ ಮಬ್ಬು ಬೆಳಕಿನಲ್ಲಿ ಅಂಟಿಸಲು ಕುಳಿತು, ಎರಡು ಬಲ ಗರಿಗಳ ಜೊತೆಗೆ ಒಂದು ಎಡ ಗರಿಯನ್ನು ಸೇರಿಸಿಬಿಟ್ಟಿದ್ದೆ. ಆ ಬಾಣ ಉಳಿದವುಗಳ ಗುಂಪಿನಲ್ಲಿ ಒಮ್ಮೆಯೂ ನಾಟಲಿಲ್ಲ. ತಪ್ಪು ನನ್ನ ಬೆರಳುಗಳದ್ದೆಂದೇ ಎರಡು ದಿನ ನಂಬಿದ್ದೆ.

ಇಡಿಯ ಗರಿ ಕೈಗೆ ಸಿಕ್ಕಿದಾಗ ಅದು ಯಾವ ಕಡೆಯದೆಂದು ತಿಳಿಯಲು ಯಾವ ಪಟ್ಟಿಯೂ ಬೇಕಿಲ್ಲ. ಎರಡೂ ಅಂಗೈಗಳನ್ನು ಕೆಳಗೆ ಮಾಡಿ, ಬೆರಳುಗಳನ್ನು ಮುಂದಕ್ಕೆ ಚಾಚಿ ಹಿಡಿಯಿರಿ. ಗರಿಯ ಉಬ್ಬಿದ, ಹೊಳಪಿನ ಮೈ ಮೇಲಕ್ಕೂ ತುದಿ ಮುಂದಕ್ಕೂ ಇರಲಿ. ಗರಿಯ ದಿಂಡಿನ ಒಂದು ಬದಿಯ ಎಸಳು ಕಿರಿದು, ಇನ್ನೊಂದು ಬದಿಯದು ಅಗಲ. ಕಿರಿದಾದ ಬದಿ ಯಾವ ಕೈಯ ಹೆಬ್ಬೆರಳಿನ ಕಡೆಗೆ ಹೊಂದುತ್ತದೆಯೋ ಗರಿ ಆ ಕಡೆಯ ರೆಕ್ಕೆಯದು. ಬಾಣಕ್ಕೆ ಬಳಸುವುದು ಅಗಲವಾದ ಬದಿಯನ್ನು. ಕತ್ತರಿಸಿ ಸಿದ್ಧಪಡಿಸಿದ ಗರಿಗಳನ್ನು ಕೊಂಡರೆ ಪೊಟ್ಟಣದ ಮೇಲೆಯೇ ಎಡವೋ ಬಲವೋ ಎಂದು ಬರೆದಿರುತ್ತದೆ.

ಈಗ ಕಟ್ಟುಕಥೆಗೆ ಬರೋಣ. ಬಲಗೈಯವನ ಬಾಣ ಬಿಲ್ಲಿನ ಎಡಬದಿಯಲ್ಲಿ ಸಾಗುತ್ತದೆ. ಆದ್ದರಿಂದ ಗರಿಗಳು ಬಿಲ್ಲಿಗೆ ತಗುಲದಂತೆ ಹೊರಕ್ಕೆ ತಿರುಗಬೇಕು, ಅದಕ್ಕೆ ಇಂಥ ರೆಕ್ಕೆಯದೇ ಆಗಬೇಕು ಎಂಬುದು ವಾದ. ಸೋಜಿಗವೆಂದರೆ, ಇದೇ ವಾದವನ್ನು ಮುಂದಿಟ್ಟು ಒಂದು ಪಂಗಡ ಎಡವೆನ್ನುತ್ತದೆ, ಮತ್ತೊಂದು ಬಲವೆನ್ನುತ್ತದೆ. ಎರಡೂ ಪಂಗಡಗಳ ಬಾಣಗಳು ಗುರಿಯನ್ನು ಮುಟ್ಟುತ್ತಲೇ ಇವೆ. ಒಂದೇ ಕಾರಣದಿಂದ ಎರಡು ವಿರುದ್ಧ ತೀರ್ಮಾನಗಳು ಹೊರಟು, ಎರಡರಿಂದಲೂ ಕೆಲಸ ನಡೆಯುತ್ತಿದೆಯೆಂದಾದರೆ ಆ ಕಾರಣಕ್ಕೆ ಇಲ್ಲಿ ಕೆಲಸವಿಲ್ಲವೆಂದೇ ತಿಳಿಯಬೇಕು.

ಲೆಕ್ಕ ಹಾಕಿದರೂ ಅದೇ ಕಾಣುತ್ತದೆ. 28 ಅಂಗುಲ ಎಳೆದು ಬಿಟ್ಟ ಬಾಣವನ್ನು ಹೆದೆ ಸುಮಾರು 20 ಅಂಗುಲ ದೂರ ತಳ್ಳಿಕೊಂಡು ಹೋಗುತ್ತದೆ. ಆ ದಾರಿಯುದ್ದಕ್ಕೂ ಬಾಣದ ಹಿಂತುದಿಯ ನಾಕ್ ಹೆದೆಯನ್ನು ಕಚ್ಚಿಕೊಂಡೇ ಇರುವುದರಿಂದ ಬಾಣಕ್ಕೆ ತನ್ನ ಸುತ್ತ ತಾನು ತಿರುಗುವ ಸ್ವಾತಂತ್ರ್ಯವೇ ಇರುವುದಿಲ್ಲ. ನಾಕ್ ಬಿಡಿಸಿಕೊಳ್ಳುವಾಗ ಅದು ಬಿಲ್ಲಿನ ಹಿಡಿಯಿಂದ ಏಳೆಂಟು ಅಂಗುಲ ಹಿಂದಿರುತ್ತದೆ, 5 ಅಂಗುಲದ ಗರಿಯ ಮುಂತುದಿಯಾದರೋ ಆಗಲೇ ಶೆಲ್ಫಿನ ಬಾಗಿಲಿಗೆ ಬಂದಿರುತ್ತದೆ. ಸೆಕೆಂಡಿಗೆ 175 ಅಡಿಯ ವೇಗವಿರುವ ಬಾಣ ಉಳಿದ ಎಂಟು ಅಂಗುಲವನ್ನು ದಾಟಲು ತೆಗೆದುಕೊಳ್ಳುವ ಸಮಯ 4 ಮಿಲಿಸೆಕೆಂಡಿಗಿಂತ ಕಡಿಮೆ. ತಿರುಗುವಿಕೆ ಸೊನ್ನೆಯಿಂದ ಆರಂಭವಾಗಬೇಕಾದ ವಸ್ತುವೊಂದು ಅಷ್ಟರೊಳಗೆ ಯಾವ ಗರಿಯನ್ನೂ ಬಿಲ್ಲಿನಿಂದ ದೂರಕ್ಕೆ ಒಯ್ಯಲಾರದು. ಎಡ ಗರಿಯಿರಲಿ, ಬಲ ಗರಿಯಿರಲಿ, ಬಿಲ್ಲಿನ ಪಕ್ಕದಲ್ಲಿ ಹಾದುಹೋಗುವಾಗ ಬಾಣ ಹೆಚ್ಚುಕಡಿಮೆ ನೀವು ಹೆದೆಗೆ ಹೂಡಿದ ಭಂಗಿಯಲ್ಲೇ ಇರುತ್ತದೆ.

ಹಾಗಾದರೆ ಗರಿ ಬಿಲ್ಲಿಗೆ ತಗುಲದೆ ಪಾರಾಗುವುದು ಹೇಗೆ? ಬಾಣ ಬಳುಕುವುದರಿಂದ. ಹೆದೆಯ ಹೊಡೆತಕ್ಕೆ ಸಿಕ್ಕಿದ ಬಾಣ ನೇರ ಕೋಲಿನಂತೆ ಹೊರಡದೆ ಹಾವಿನಂತೆ ಬಳುಕಿ, ಬಿಲ್ಲಿನ ಮೈಯನ್ನು ಬಳಸಿಕೊಂಡು ಹೋಗುತ್ತದೆಂಬುದನ್ನು 1930ರ ದಶಕದಲ್ಲೇ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದಿಂದ ತೋರಿಸಿಕೊಟ್ಟಿದ್ದಾರೆ. ಬಾಣದ ಬಿಗಿ, ಅಂದರೆ ಸ್ಪೈನ್, ನಿಮ್ಮ ಬಿಲ್ಲಿಗೆ ಹೊಂದಿದ್ದರೆ ಗರಿಗಳು ಶೆಲ್ಫಿನ ಬಳಿ ಬರುವ ಹೊತ್ತಿಗೆ ಬಾಣದ ಬಾಲ ಬಿಲ್ಲಿನಿಂದ ಆಚೆಗೆ ಸರಿದಿರುತ್ತದೆ. ಹೊಂದದಿದ್ದರೆ ಯಾವ ಹಕ್ಕಿಯ ಯಾವ ರೆಕ್ಕೆಯೂ ನಿಮ್ಮನ್ನು ಕಾಯುವುದಿಲ್ಲ.

ನಂಬಿಕೆ ಬಾರದಿದ್ದರೆ ಪರೀಕ್ಷಿಸಿ ನೋಡಬಹುದು. ಶೆಲ್ಫಿನ ಮೇಲೆ ಮತ್ತು ಅದರ ಪಕ್ಕದ ಗೋಡೆಗೆ ಮುಖದ ಪೌಡರನ್ನು ತೆಳುವಾಗಿ ಬಳಿದು ಹೊಡೆಯಿರಿ. ಗರಿ ಎಲ್ಲಿ ಉಜ್ಜಿತೋ ಅಲ್ಲಿ ಗೆರೆ ಬೀಳುತ್ತದೆ. ನಾನು ಒಂದೇ ಸ್ಪೈನಿನ, ಒಂದೇ ತೂಕದ ಆರು ಬಾಣಗಳಲ್ಲಿ ಮೂರಕ್ಕೆ ಎಡ, ಮೂರಕ್ಕೆ ಬಲ ಗರಿಗಳನ್ನು ಅಂಟಿಸಿ, ಯಾವುದು ಯಾವುದೆಂದು ತಿಳಿಯದಂತೆ ಗೆಳೆಯನೊಬ್ಬನಿಂದ ಒಂದೊಂದಾಗಿ ಈಸಿಕೊಂಡು ಹೊಡೆದೆ. ಪೌಡರಿನ ಮೇಲಿನ ಗೆರೆಗಳಲ್ಲಾಗಲಿ, ಗುರಿಹಲಗೆಯ ಮೇಲಿನ ಗುಂಪಿನಲ್ಲಾಗಲಿ ಎಡಬಲಗಳನ್ನು ಬೇರ್ಪಡಿಸಲು ಆಗಲಿಲ್ಲ. ಆಮೇಲೆ ನಾಕಿಂಗ್ ಪಾಯಿಂಟನ್ನು, ಅಂದರೆ ಹೆದೆಯ ಮೇಲೆ ನಾಕ್ ಕೂರುವ ಜಾಗವನ್ನು, ಬೇಕೆಂದೇ ಕೆಳಗಿಳಿಸಿ ಹೊಡೆದಾಗ ಮಾತ್ರ ಆರೂ ಬಾಣಗಳು ಒಂದೇ ಜಾಗದಲ್ಲಿ ದಪ್ಪ ಗೆರೆ ಎಳೆದವು.

ಗರಿಯ ದಿಂಡು ಕೈಬೆರಳಿಗೆ ಚುಚ್ಚಿತೆಂದು ದೂರುವವರೂ ತಪ್ಪನ್ನು ರೆಕ್ಕೆಯ ಮೇಲೆಯೇ ಹೊರಿಸುತ್ತಾರೆ. ಶೆಲ್ಫ್ ಇಲ್ಲದ ಬಿಲ್ಲಿನಲ್ಲಿ ಬಾಣ ಬೆರಳಿನ ಗೆಣ್ಣಿನ ಮೇಲೆಯೇ ಜಾರಿ ಹೋಗುವಾಗ, ದಿಂಡಿನ ಮುಂತುದಿ ದಪ್ಪವಾಗಿ ಉಳಿದಿದ್ದರೆ ಅದು ಚಕ್ಕೆಯಂತೆ ಚರ್ಮದೊಳಗೆ ಹೊಕ್ಕೀತು. ಮುಂತುದಿಯನ್ನು ತೆಳುವಾಗಿ ಉಜ್ಜಿ, ಮೇಲೊಂದು ಹನಿ ಅಂಟು ಹಾಕಿ, ಅದಕ್ಕಿಂತ ಉತ್ತಮವಾಗಿ ಅಲ್ಲಿ ಹತ್ತು ಸುತ್ತು ದಾರ ಸುತ್ತಿ ಬಿಟ್ಟರೆ ಆ ತೊಂದರೆ ಅಲ್ಲಿಗೆ ಮುಗಿಯಿತು.

ಈ ಕಟ್ಟುಕಥೆ ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆಂದು ನಾನು ಯೋಚಿಸಿದ್ದುಂಟು. ‘ಎಡಬಲ ಬೆರೆಸಬೇಡಿ’ ಎಂಬುದು ಗರಿ ಅಂಟಿಸುವವನು ಕಲಿಯುವ ಮೊದಲ ಪಾಠ, ಮತ್ತು ಅದು ಸರಿಯಾದ ಪಾಠ. ಕಲಿತವನು ಕಲಿಸುವಾಗ ಅದು ‘ಇಂಥದನ್ನೇ ಬಳಸಿ’ ಎಂದು ಬದಲಾಗುತ್ತದೆ. ಏಕೆಂದರೆ ಅವನ ಬಳಿ ಇದ್ದ ಗರಿ ಕತ್ತರಿಸುವ ಸಾಧನವೂ ಅಂಟಿಸುವಾಗ ಗರಿಯನ್ನು ಹಿಡಿದಿಡುವ ಸಾಧನವಾದ ಜಿಗ್ಗಿನ ಹಿಡಿಕೆಯೂ ಒಂದೇ ಕಡೆಯವು. ಗರಿಯನ್ನು ಬಾಣದ ಮೇಲೆ ತುಸು ಸುರುಳಿಯಾಗಿ ಕೂರಿಸುವ ಹೆಲಿಕಲ್ ಹಿಡಿಕೆ ಅದರ ಸಹಜ ಬಾಗಿಗೆ ಹೊಂದಲೇಬೇಕು. ಬಲ ಹಿಡಿಕೆಯಲ್ಲಿ ಎಡ ಗರಿಯನ್ನು ಸಿಕ್ಕಿಸಿದರೆ ದಿಂಡು ಬಾಣದ ಮೈಗೆ ಕೂರುವುದೇ ಇಲ್ಲ. ಇದು ಜಿಗ್ಗಿನ ನಿಯಮವೇ ಹೊರತು ಬಿಲ್ಲುಗಾರನ ಕೈಯ ನಿಯಮವಲ್ಲ. ನಿಮ್ಮ ಬಳಿ ಈಗಾಗಲೇ ಜಿಗ್ ಇದ್ದರೆ ಅದು ಯಾವ ಕಡೆಯದೋ ಆ ಕಡೆಯ ಗರಿ ಕೊಳ್ಳಿ.

ಕಡೆಯನ್ನು ನಿಜಕ್ಕೂ ಯೋಚಿಸಿ ಆರಿಸಬೇಕಾದ ಸಂದರ್ಭ ಒಂದಿದೆ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಬೇಟೆಯ ಮೊನೆಗಳಲ್ಲಿ ಅಲಗಿನ ಒಂದೇ ಮೈಯನ್ನು ಮಸೆದ ಬಗೆಯುಂಟು. ಅದು ಒಳಹೊಕ್ಕಂತೆ ತಾನೂ ತಿರುಗುತ್ತದೆ. ಬಲ ಮಸೆತದ ಮೊನೆಗೆ ಬಲ ರೆಕ್ಕೆಯ ಗರಿ, ಎಡ ಮಸೆತಕ್ಕೆ ಎಡ ರೆಕ್ಕೆಯದು ಜೊತೆಯಾಗಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಒಂದು ದಿಕ್ಕಿಗೆ ತಿರುಗುತ್ತ ಬಂದ ಬಾಣ ಗುರಿಯೊಳಗೆ ಇನ್ನೊಂದು ದಿಕ್ಕಿಗೆ ತಿರುಗಲು ಹೆಣಗುತ್ತದೆ. ತಿರುಪಿನ ಮೊನೆಗಳನ್ನು ಬಳಸುವವರೂ ಒಂದನ್ನು ಗಮನಿಸಬಹುದು: ಬಲ ರೆಕ್ಕೆಯ ಗರಿಯಿರುವ ಬಾಣ ನಾಟಿದಾಗ ಸಾಮಾನ್ಯ ತಿರುಪು ಬಿಗಿಯಾಗುವ ದಿಕ್ಕಿನಲ್ಲಿದ್ದರೆ, ಎಡ ರೆಕ್ಕೆಯದರಲ್ಲಿ ಸಡಿಲವಾಗುವ ದಿಕ್ಕಿನಲ್ಲಿರುತ್ತದೆ. ಎಡ ಗರಿಯವರು ಆಗಾಗ ಮೊನೆಯನ್ನು ಮುಟ್ಟಿ ನೋಡಿ ಬಿಗಿಮಾಡಿದರೆ ಸಾಕು.

ಉಳಿದ ಆಯ್ಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಗಲವಾದ ಅಲಗುಗಳು ಬಾಣದ ಮುಂದುಗಡೆ ಪುಟ್ಟ ರೆಕ್ಕೆಗಳಂತೆ ವರ್ತಿಸಿ ದಾರಿ ತಪ್ಪಿಸಲು ನೋಡುತ್ತವೆ. ಅವನ್ನು ಹದ್ದುಬಸ್ತಿನಲ್ಲಿಡಲು ಹಿಂದೆ ಸಾಕಷ್ಟು ಗರಿ ಬೇಕು. 5 ಅಂಗುಲದ ಮೂರು ಅಥವಾ 4 ಅಂಗುಲದ ನಾಲ್ಕು ಗರಿಗಳನ್ನು ತುಸು ಓರೆಯಾಗಿಯೋ ಹೆಲಿಕಲ್ ಆಗಿಯೋ ಅಂಟಿಸಿ. ಆಕಾರದಲ್ಲಿ ದುಂಡು ಬೆನ್ನಿನ ಪ್ಯಾರಾಬೋಲಿಕ್ ಗರಿ ಗುರಾಣಿಯಾಕಾರದ್ದಕ್ಕಿಂತ ಕಡಿಮೆ ಸದ್ದು ಮಾಡುತ್ತದೆಂಬುದೇ ನನ್ನ ಅನುಭವ, ಬೇಟೆಯಲ್ಲಿ ಸದ್ದಿಗೆ ಬೆಲೆಯಿದೆ. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನುಗಳನ್ನು ಶೆಲ್ಫಿನ ಮೇಲಿಂದ ಹೊಡೆಯುವವರು ಮರೆತುಬಿಡುವುದೇ ಒಳ್ಳೆಯದು: ಗರಿ ತಗುಲಿದರೆ ಮಡಿಚಿಕೊಂಡು ಮತ್ತೆ ಎದ್ದು ನಿಲ್ಲುತ್ತದೆ, ವೇನ್ ಬಾಣವನ್ನೇ ಒದೆಯುತ್ತದೆ. ತೂಕದಲ್ಲೂ ಗರಿಯೇ ಹಗುರ: 5 ಅಂಗುಲದ ಮೂರು ಗರಿಗಳು ಸೇರಿ ಅರ್ಧ ಗ್ರಾಮಿನ ಆಸುಪಾಸಿನಲ್ಲಿರುತ್ತವೆ.

ಮೂರು ಗರಿಯ ಲೆಕ್ಕವೇನೂ ನಿನ್ನೆ ಮೊನ್ನೆಯದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕಿದ, 5000 ವರ್ಷಗಳಿಗೂ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿಗೊಂಡಿದ್ದ ಎರಡರ ಹಿಂತುದಿಯಲ್ಲಿ ಸೀಳಿದ ಗರಿಯ ಮೂರು ಮೂರು ತುಂಡುಗಳನ್ನು ಬರ್ಚ್ ಮರದ ಅಂಟಿನಿಂದ ಕೂರಿಸಿ, ಮೇಲೆ ಸಣ್ಣ ಎಳೆಯನ್ನು ಸುರುಳಿಯಾಗಿ ಸುತ್ತಲಾಗಿತ್ತು. ಆ ಎಳೆಯನ್ನು ಗರಿಯ ಎಸಳುಗಳ ನಡುವೆ ಹಾಯಿಸುವ ಕೆಲಸವನ್ನು ಒಮ್ಮೆ ನೀವೂ ಮಾಡಿ ನೋಡಿ. ಎಡಬಲದ ಚರ್ಚೆಗೆ ಪುರುಸೊತ್ತು ಉಳಿಯುವುದಿಲ್ಲ.

ಗರಿಗೆ ನಿಜವಾದ ವೈರಿ ಮಳೆ. ನೆನೆದ ಗರಿ ಬಾಣದ ಮೈಗೆ ಅಂಟಿಕೊಂಡು ಬಾಣವನ್ನು ದಾರಿ ತಪ್ಪದಂತೆ ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೀರು ತಡೆಯುವ ಪುಡಿಯನ್ನು ಮೊದಲೇ ತಿಕ್ಕಿಟ್ಟರೆ ಸ್ವಲ್ಪ ಹೊತ್ತು ತಾಳುತ್ತದೆ; ಜಡಿಮಳೆಯಲ್ಲಿ ಅದೂ ಸಾಲದು, ಆಗ ಬಿಲ್ಲನ್ನು ಇಳಿಸುವುದೇ ಮೇಲು. ಮುದುಡಿದ ಗರಿಯನ್ನು ಮಾತ್ರ ಎಸೆಯಬೇಡಿ. ಒಣಗಿದ ಮೇಲೆ, ಕುದಿಯುವ ನೀರಿನ ಪಾತ್ರೆಯ ಮೇಲೆ ಆವಿ ತಾಗುವಂತೆ ಬಾಣವನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರೆ ಎಸಳುಗಳು ಒಂದೊಂದಾಗಿ ಬಿಡಿಸಿಕೊಂಡು ಮೊದಲಿನಂತೆ ಎದ್ದು ನಿಲ್ಲುತ್ತವೆ.