ಹಿಗ್ಗಿಸಿದ ಲೋಹದ ಜಾಲಿ: ಕಣ್ಣಿಗೂ ಒಂದು ದಿಕ್ಕಿದೆ

ಕಲಬುರಗಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಜಾಲಿ ಕೊಡಿ’ ಎಂದರೆ ‘ಯಾವ ಜಾಲಿ?’ ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಸೊಳ್ಳೆ ತಡೆಯುವ ತಂತಿಬಲೆ, ಕೋಳಿಗೂಡಿಗೆ ಸುತ್ತುವ ಆರು ಮೂಲೆಯ ಬಲೆ, ಬೆಸುಗೆ ಹಾಕಿದ ಚೌಕ ಕಣ್ಣಿನದು, ತೂತು ಹೊಡೆದ ತಗಡು, ಎಲ್ಲವೂ ನಮ್ಮಲ್ಲಿ ಜಾಲಿಯೇ. ಊರಾಚೆಯ ಬಯಲಲ್ಲಿ ಬೆಳೆಯುವ ಮುಳ್ಳಿನ ಮರದ ಹೆಸರೂ ಅದೇ. ಈ ಟಿಪ್ಪಣಿ ಇವುಗಳಲ್ಲಿ ಒಂದರ ಬಗ್ಗೆ ಮಾತ್ರ: ವಜ್ರದ ಆಕಾರದ ಕಣ್ಣುಗಳಿರುವ, ಎಕ್ಸ್‌ಪಾಂಡೆಡ್ ಮೆಟಲ್ ಎಂದು ಪುಸ್ತಕಗಳಲ್ಲಿ ಬರುವ, ಹಿಗ್ಗಿಸಿದ ಲೋಹದ ಜಾಲಿ. ಕತ್ತರಿಸಿದ ಅಂಚಿಗೆ ಒಮ್ಮೆ ಬೆರಳು ತಾಗಿಸಿಕೊಂಡವರಿಗೆ ಮುಳ್ಳಿನ ಮರಕ್ಕೂ ಇದಕ್ಕೂ ಏನೋ ನಂಟಿದೆ ಎನ್ನಿಸದೆ ಇರದು.

ಪರೀಕ್ಷೆಗೆಂದು ನಾನು ಮೊದಲು ಇದರ ವಿಧಗಳನ್ನು ಬಾಯಿಪಾಠ ಮಾಡಿದ್ದೆ. ಉಬ್ಬಿದ್ದು, ಚಪ್ಪಟೆಯದು, ಗ್ರೇಟಿಂಗ್, ಲಾತ್ ಎಂದು ನಾಲ್ಕು ಹೆಸರು ಬರೆದು ಅಂಕವನ್ನೂ ಪಡೆದಿದ್ದೆ. ಆಮೇಲೆ ಒಂದು ವರ್ಕ್‌ಶಾಪಿನಲ್ಲಿ ಕೈಯಾರೆ ಜೋಡಿಸಲು ಹೋದಾಗ ಆ ನಾಲ್ಕು ಹೆಸರುಗಳಲ್ಲಿ ಒಂದೂ ಕೈಹಿಡಿಯಲಿಲ್ಲ. ಕೈಹಿಡಿದದ್ದು ತಯಾರಿಕೆಯ ಕ್ರಮ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಗದದಲ್ಲಿ ಮಾಡಿ ನೋಡಿ

ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಸಾಲಿನಲ್ಲಿ, ನಡುನಡುವೆ ಸ್ವಲ್ಪ ಜಾಗ ಬಿಟ್ಟು, ಬ್ಲೇಡಿನಿಂದ ಸೀಳುಗಳನ್ನು ಹಾಕಿ. ಮುಂದಿನ ಸಾಲಿನಲ್ಲಿ ಮೇಲಿನ ಸೀಳಿಗೆ ಕೆಳಗಿನ ಸೀಳು ಎದುರಾಗದಂತೆ, ಇಟ್ಟಿಗೆ ಗೋಡೆಯ ಸಂದುಗಳ ಹಾಗೆ, ಅರ್ಧ ಸರಿಸಿ ಹಾಕಿ. ಹೀಗೆ ಹತ್ತು ಸಾಲಾದ ಮೇಲೆ ಹಾಳೆಯ ಮೇಲಂಚು ಮತ್ತು ಕೆಳಗಂಚು ಹಿಡಿದು ಮೆಲ್ಲನೆ ಎಳೆಯಿರಿ. ಹಬ್ಬಕ್ಕೆ ಕಟ್ಟುವ ಬಣ್ಣದ ಕಾಗದದ ಜಾಲರಿಯಂತೆ ಅದು ತೆರೆದುಕೊಳ್ಳುತ್ತದೆ. ಒಂದು ಚೂರು ಕಾಗದವೂ ನೆಲಕ್ಕೆ ಬಿದ್ದಿರುವುದಿಲ್ಲ.

ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ಸೀಳುವುದು ಮತ್ತು ಎಳೆಯುವುದು ಒಂದೇ ಏಟಿಗೆ ಆಗುತ್ತವೆ. ಕೆಳಗೆ ನೇರ ಅಂಚಿನ ಬ್ಲೇಡು, ಮೇಲೆ ಗರಗಸದಂತೆ ಹಲ್ಲುಗಳಿರುವ ಬ್ಲೇಡು. ತಗಡು ಒಂದಿಷ್ಟು ಮುಂದೆ ಬರುತ್ತದೆ. ಮೇಲಿನ ಬ್ಲೇಡು ಇಳಿದು, ಹಲ್ಲು ತಾಗಿದಲ್ಲಿ ಸೀಳಿ, ಸೀಳಿದ ಪಟ್ಟಿಯನ್ನು ಹಾಗೆಯೇ ಕೆಳಕ್ಕೆ ಒತ್ತಿ ಹಿಗ್ಗಿಸುತ್ತದೆ. ಮತ್ತೆ ತಗಡು ಮುಂದೆ ಬರುವಷ್ಟರಲ್ಲಿ ಬ್ಲೇಡು ಅರ್ಧ ಕಣ್ಣಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಮುಂದಿನ ಏಟಿಗೆ ವಜ್ರಾಕಾರ ಮುಚ್ಚಿಕೊಳ್ಳುತ್ತದೆ.

ಉಳಿದ ಜಾಲಿಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಹೊಳೆಯುತ್ತದೆ. ಹಳೆಯ ಗುಡಿಗಳ ಕಲ್ಲಿನ ಜಾಲಂಧ್ರದಲ್ಲಿ ಶಿಲ್ಪಿ ಬೇಡದ ಕಲ್ಲನ್ನು ಕೆತ್ತಿ ತೆಗೆಯುತ್ತಾನೆ. ತೂತು ಹೊಡೆದ ತಗಡಿನದೂ ಅದೇ ದಾರಿ. ತೂತಿನಿಂದ ಉದುರಿದ ಬಿಲ್ಲೆಗಳೆಲ್ಲ ಗುಜರಿಗೆ ಹೋಗುತ್ತವೆ. ತಂತಿಬಲೆ ಚಾಪೆಯ ಸಂತತಿ. ಹೆಣೆದದ್ದು, ಆದ್ದರಿಂದ ಒಂದು ಎಳೆ ಹರಿದರೆ ಬಿಚ್ಚಿಕೊಳ್ಳುವ ಭಯವಿದೆ. ಹಿಗ್ಗಿಸಿದ ಜಾಲಿ ಕೆತ್ತಿದ್ದೂ ಅಲ್ಲ, ಹೆಣೆದದ್ದೂ ಅಲ್ಲ. ಅದು ಈಗಲೂ ಒಂದೇ ತಗಡು. ಒಂದು ಎಳೆ ತುಂಡಾದರೂ ಪಕ್ಕದ ಗಂಟುಗಳು, ಎಂದರೆ ಎಳೆಗಳು ಕೂಡುವ ಜಾಗಗಳು, ಬಿಡುವುದಿಲ್ಲ.

ಈ ಉಪಾಯಕ್ಕೆ 1884ರಲ್ಲಿ ಅಮೆರಿಕದ ಪೇಟೆಂಟ್ ಪಡೆದವನು ಶಿಕಾಗೋದ ಜಾನ್ ಫ್ರೆಂಚ್ ಗೋಲ್ಡಿಂಗ್. ಮರದ ಪಟ್ಟಿಗಳ ಮೇಲೆ ಗಾರೆ ಮೆತ್ತಿ ಗೋಡೆ ಮಾಡುತ್ತಿದ್ದ ದೇಶದಲ್ಲಿ ಸುಲಭಕ್ಕೆ ಸುಡದ ಆಧಾರವೊಂದು ಸಿಕ್ಕಿತು ಎಂಬುದು ಇದರ ಹರಡುವಿಕೆಗೆ ದೊಡ್ಡ ಕಾರಣ.

ನಾಲ್ಕು ಅಳತೆ, ಒಂದು ಲೆಕ್ಕ

ವಜ್ರಾಕಾರದ ಉದ್ದ ಕರ್ಣಕ್ಕೆ ಎಲ್‌ಡಬ್ಲ್ಯೂಎಂ (ಲಾಂಗ್ ವೇ ಆಫ್ ಮೆಶ್), ಗಿಡ್ಡ ಕರ್ಣಕ್ಕೆ ಎಸ್‌ಡಬ್ಲ್ಯೂಎಂ (ಶಾರ್ಟ್ ವೇ ಆಫ್ ಮೆಶ್) ಎನ್ನುತ್ತಾರೆ. ಕೆಲವು ಕ್ಯಾಟಲಾಗುಗಳಲ್ಲಿ ಕೊನೆಯ ಎಂ ಬದಲಿಗೆ ಡಿ ಇರುತ್ತದೆ. ಗಾಬರಿಯಾಗಬೇಡಿ, ಎರಡೂ ಒಂದೇ. ಇವನ್ನು ಕಣ್ಣಿನ ಖಾಲಿ ಜಾಗದಲ್ಲಿ ಅಳೆಯುವುದಿಲ್ಲ. ಒಂದು ಗಂಟಿನ ನಡುವಿನಿಂದ ಮುಂದಿನ ಗಂಟಿನ ನಡುವಿನವರೆಗೆ ಅಳೆಯಬೇಕು. ಮೂರನೆಯದು ಎಳೆಯ ಅಗಲ, ಎಂದರೆ ಪ್ರತಿ ಏಟಿಗೆ ತಗಡು ಮುಂದೆ ಬಂದ ದೂರ. ನಾಲ್ಕನೆಯದು ಎಳೆಯ ದಪ್ಪ, ಎಂದರೆ ಮೂಲ ತಗಡಿನ ದಪ್ಪ. ಎಳೆಗಳು ಕೂಡುವ ಗಂಟಿನಲ್ಲಿ ಅಗಲ ಎರಡರಷ್ಟಾಗುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯ ಬಳಕೆಯ ಉಕ್ಕಿನ ಜಾಲಿಗೆ ಐಎಸ್ 412 ಎಂಬ ಮಾನಕವಿದೆ.

ಈಗ ಲೆಕ್ಕ. ಇದೊಂದು ಅರ್ಥವಾದರೆ ಸೂತ್ರ ನೆನಪಿಡಬೇಕಾಗಿಲ್ಲ. ಎಸ್‌ಡಬ್ಲ್ಯೂಎಂ 20 ಮಿ.ಮೀ., ಎಳೆಯ ಅಗಲ 3 ಮಿ.ಮೀ., ದಪ್ಪ 2 ಮಿ.ಮೀ. ಇರಲಿ. ಪ್ರತಿ ಏಟಿಗೆ ಒಳಹೋಗುವ ತಗಡು 3 ಮಿ.ಮೀ. ಹೊರಬರುವ ಜಾಲಿ ಅರ್ಧ ಕಣ್ಣು, ಎಂದರೆ 10 ಮಿ.ಮೀ. ಮೂರು ಕೊಟ್ಟರೆ ಹತ್ತು! ಒಂದು ಮೀಟರ್ ತಗಡು ಸುಮಾರು 3.3 ಮೀಟರ್ ಜಾಲಿಯಾಗುತ್ತದೆ. 2 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 15.7 ಕೆ.ಜಿ. ತೂಗುತ್ತದೆ. ಅದರ ಹತ್ತರಲ್ಲಿ ಮೂರು ಪಾಲು ಎಂದರೆ 4.71 ಕೆ.ಜಿ. ಇದೇ ಜಾಲಿಯ ತೂಕ. ಎಂಟು ಅಡಿಗೆ ನಾಲ್ಕು ಅಡಿಯ ಹಾಳೆ ಸುಮಾರು 14 ಕೆ.ಜಿ. ಬರುತ್ತದೆ, ಅದೇ ಅಳತೆಯ ಇಡೀ ತಗಡು 46 ಕೆ.ಜಿ. ದಾಟುತ್ತದೆ. ಗಾಳಿ ಬೆಳಕಿಗೆ ಬಿಟ್ಟ ಜಾಗ ಸರಿಸುಮಾರು ಶೇಕಡಾ 70. ಎಳೆಗಳು ವಾಲಿರುವುದರಿಂದ ನೋಡುವ ಕೋನಕ್ಕೆ ತಕ್ಕಂತೆ ಅದು ಹೆಚ್ಚು ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಹಾಳೆಯ ಲೆಕ್ಕದಲ್ಲಿ ಕೊಳ್ಳುವವರು ಈ ಲೆಕ್ಕ ಹಾಕಿಯೇ ಹೋಗಬೇಕು. ಕಣ್ಣಿನ ಅಳತೆ ಒಂದೇ ಇದ್ದು ಎಳೆ ಸಣಕಲಾದರೆ ಹೊರನೋಟಕ್ಕೆ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ.

ನನ್ನ ಎಡವಟ್ಟು

ಮೂರು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಮೆಟ್ಟಿಲು ಪೀಠ ಮಾಡಬೇಕಿತ್ತು. ಎರಡು ತುದಿಗೆ ಎರಡು ಆಂಗಲ್, ಮೇಲೆ ಜಾಲಿ. ತುಂಡು ಉಳಿತಾಯವಾಗಲಿ ಎಂದು ನಾನು ಹಾಳೆಯನ್ನು ತಿರುಗಿಸಿ ಕತ್ತರಿಸಿದೆ. ಬೆಸುಗೆ ಚೆನ್ನಾಗಿಯೇ ಕೂತಿತ್ತು. ಹತ್ತಿ ನಿಂತರೆ ಜಾಲಿ ಹಳೆಯ ನೂಲಿನ ಹೊರಸಿನಂತೆ ಜೋಲಿತು. ಮಾಸ್ತರರು ಬೈಯಲಿಲ್ಲ. ‘ಕಣ್ಣು ಯಾವ ಕಡೆ ಮಲಗಿದೆ ನೋಡು’ ಎಂದಷ್ಟೇ ಹೇಳಿ ಹೋದರು.

ಕಾಗದದ ಪ್ರಯೋಗಕ್ಕೆ ಮರಳಿ. ಸೀಳಿದ ಪ್ರತಿ ಪಟ್ಟಿಯೂ ಹಾಳೆಯ ಅಡ್ಡಕ್ಕೆ, ಎಂದರೆ ಉದ್ದ ಕರ್ಣದ ದಿಕ್ಕಿಗೆ, ಅಂಕುಡೊಂಕಾಗಿ ತುದಿಯಿಂದ ತುದಿಗೆ ಹರಿಯುತ್ತದೆ. ಆ ದಿಕ್ಕಿನಲ್ಲಿ ಪ್ರತಿ ಎಳೆಯೂ ಒಂದು ಪುಟ್ಟ ತೊಲೆ. ಗಿಡ್ಡ ಕರ್ಣದ ದಿಕ್ಕಿನಲ್ಲಿ ಹಾಗೆ ನೇರವಾಗಿ ದಾಟುವ ತೊಲೆಯಿಲ್ಲ. ಭಾರ ಗಂಟಿನಿಂದ ಗಂಟಿಗೆ ಜಿಗಿಯುತ್ತ ಹೋಗಬೇಕು. ಅಂಗಡಿಗಳ ಮುಂದಿನ ಮಡಚುವ ಗೇಟನ್ನು ನೆನಪಿಸಿಕೊಳ್ಳಿ. ಅದು ಒಂದು ದಿಕ್ಕಿಗೆ ಸಲೀಸಾಗಿ ಹಿಗ್ಗಿ ಕುಗ್ಗುತ್ತದಲ್ಲವೇ? ಆದ್ದರಿಂದ ನಿಯಮ ಇಷ್ಟು: ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಉದ್ದ ಕರ್ಣ ಚಾಚಿಕೊಂಡಿರಬೇಕು. ನಾನು ಗಿಡ್ಡ ಕರ್ಣವನ್ನು ಚಾಚಿದ್ದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಬ್ಲೇಡಿನ ಅಗಲ ಎಷ್ಟೋ ಉದ್ದ ಕರ್ಣದ ದಿಕ್ಕಿನ ಹಾಳೆಯೂ ಅಷ್ಟೇ. ಗಿಡ್ಡ ಕರ್ಣದ ದಿಕ್ಕಿಗೆ ಮಾತ್ರ ಹಾಳೆಯನ್ನು ಬೇಕಾದಷ್ಟು ಉದ್ದ ತೆಗೆಯಬಹುದು. ‘ಎಂಟಕ್ಕೆ ನಾಲ್ಕು’ ಎಂದು ಮಾತ್ರ ಚೀಟಿಯಲ್ಲಿ ಬರೆದು ಕಳಿಸಿದರೆ ಎಂಟು ಅಡಿಯ ಕಡೆಗೆ ಯಾವ ಕರ್ಣ ಬರುತ್ತದೆಂದು ಹೇಳಲಾಗದು. ಅದನ್ನು ಬರೆದೇ ಕಳಿಸಿ.

ವಿಧಗಳು, ಅವು ಸಿಗುವ ಜಾಗಗಳು

ಯಂತ್ರದಿಂದ ಹೊರಬಂದ ಹಾಗೆಯೇ ಇರುವುದು ಉಬ್ಬಿದ ಜಾಲಿ. ಎಳೆಗಳು ಮಗ್ಗುಲಾಗಿ ವಾಲಿ ನಿಂತಿರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ, ಬಿಗುವೂ ಹೆಚ್ಚು. ಇದನ್ನೇ ರೋಲರುಗಳ ನಡುವೆ ತಣ್ಣಗೆ ಅದುಮಿದರೆ ಚಪ್ಪಟೆ ಜಾಲಿ. ಅದುಮುವಾಗ ಹಾಳೆ ಸ್ವಲ್ಪ ಉದ್ದವಾಗುತ್ತದೆ, ದಪ್ಪ ತುಸು ಇಳಿಯುತ್ತದೆ. ಕೈ, ಬಟ್ಟೆ ತಾಗುವ ಕಡೆ ಚಪ್ಪಟೆಯದೇ ಮೇಲು. ಕಪಾಟಿನ ಬಾಗಿಲು, ತಳ್ಳುಗಾಡಿಯ ಪಕ್ಕೆ, ಬೆಲ್ಟು ಓಡುವ ಯಂತ್ರಗಳ ಕವಚ ಇವೆಲ್ಲ ಆ ಸಾಲಿನವು.

ನಮ್ಮ ತೊಗರಿ ನಾಡಿನಲ್ಲಿ ಇದಕ್ಕೆ ಉದಾಹರಣೆ ಹುಡುಕುತ್ತ ದೂರ ಹೋಗಬೇಕಿಲ್ಲ. ದಾಲ್ ಮಿಲ್ಲಿನಲ್ಲಿ ತಿರುಗುವ ಪುಲ್ಲಿ, ಬೆಲ್ಟುಗಳ ಮುಂದೆ ಕವಚ ಬೇಕೇ ಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ ಯಂತ್ರಗಳಿಗೆ ಬೇಲಿ ಹಾಕುವುದರ ಬಗ್ಗೆಯೇ ಇತ್ತು. ತಗಡಿನ ಕವಚ ಹಾಕಿದರೆ ಒಳಗೇನಾಗುತ್ತಿದೆ ಎಂದು ಕಾಣುವುದಿಲ್ಲ, ಬಿಸಿಯೂ ಹೊರಹೋಗುವುದಿಲ್ಲ. ಜಾಲಿಯಾದರೆ ಕಾಣುತ್ತದೆ, ತಣಿಯುತ್ತದೆ. ಆದರೆ ಕಣ್ಣು ದೊಡ್ಡದಾದಷ್ಟೂ ಕವಚವನ್ನು ಯಂತ್ರದಿಂದ ದೂರ ಇಡಬೇಕು. ಬೆರಳು ಒಳಹೊಕ್ಕರೂ ಬೆಲ್ಟಿಗೆ ಎಟಕಬಾರದು. ಅದೇ ಮಿಲ್ಲಿನ ಜರಡಿಗೆ ಮಾತ್ರ ಈ ಜಾಲಿ ಸಲ್ಲದು. ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಒಂದೇ ಅಳತೆಯ ದುಂಡು ತೂತು ಬೇಕು. ವಜ್ರಾಕಾರದ ಕಣ್ಣಿಗೆ ಎರಡು ಅಳತೆ. ಬೇಳೆ ಅಡ್ಡಲಾಗಿ ಬಂದರೆ ನಿಲ್ಲುತ್ತದೆ, ಉದ್ದವಾಗಿ ಬಂದರೆ ಜಾರುತ್ತದೆ. ಅಲ್ಲಿ ತೂತು ಹೊಡೆದ ತಗಡೇ ಗತಿ.

ಗ್ರೇಟಿಂಗ್ ಎಂದರೆ ದಪ್ಪ ಫಲಕದಿಂದ ಮಾಡಿದ ದೊಡ್ಡ ಕಣ್ಣಿನ ಜಾಲಿ. ವಾಡಿ, ಸೇಡಂ, ಮಳಖೇಡದಂಥ ಸಿಮೆಂಟ್ ಊರುಗಳ ಕಾರ್ಖಾನೆಗಳಿಗೆ ಇಂಥ ಓಡಾಟದ ಹಾದಿ ಒಪ್ಪುತ್ತದೆ. ಇಡೀ ತಗಡು ಹಾಸಿದರೆ ದೂಳು ಕೂತು ಜಾರುತ್ತದೆ. ಇಲ್ಲಿ ದೂಳು ಕೆಳಗಿಳಿಯುತ್ತದೆ. ಹಾಗೆಯೇ ಕೈತಪ್ಪಿದ ಬೋಲ್ಟೂ ಇಳಿಯುತ್ತದೆ. ಕೆಳಗೆ ಜನ ಓಡಾಡುವುದಾದರೆ ಸಣ್ಣ ಕಣ್ಣು ಆಯ್ದುಕೊಂಡು, ಅಂಚಿಗೆ ತಡೆಪಟ್ಟಿ ಕೊಡಬೇಕು.

ಲಾತ್ ತೆಳು ತಗಡಿನ ಸಣ್ಣ ಕಣ್ಣಿನದು, ಗಾರೆಯೊಳಗೆ ಮುಚ್ಚಿಹೋಗುವ ಜಾತಿ. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಉದ್ದಕ್ಕೂ ಬಿರುಕು ಬಿಡುವುದನ್ನು ನಮ್ಮ ಬಿಸಿಲಿನ ಊರುಗಳಲ್ಲಿ ನೋಡದವರಿಲ್ಲ. ಎರಡೂ ಬಿಸಿಗೆ ಒಂದೇ ರೀತಿ ಹಿಗ್ಗುವುದಿಲ್ಲ. ಆ ಸಂದಿನ ಮೇಲೆ ಜಾಲಿಯ ಪಟ್ಟಿ ಹೊಡೆದು ಗಾರೆ ಮಾಡಿದರೆ ಎಳೆತ ಒಂದೇ ಗೆರೆಯಲ್ಲಿ ಸೇರದೆ ಹಂಚಿಹೋಗುತ್ತದೆ. ಇಲ್ಲಿ ಹೆಚ್ಚಾಗಿ ಅಗ್ಗದ ಕೋಳಿಬಲೆಯಿಂದಲೇ ಕೆಲಸ ಸಾಗುತ್ತದೆ. ಸಡಿಲವಾಗಿ ಹೊಡೆದರೆ ಅದು ಗಾರೆಯ ಹಿಂದೆ ಸುಮ್ಮನೆ ತೂಗುತ್ತದೆ. ಲಾತ್‌ನ ವಾಲಿದ ಎಳೆಗಳು ಗಾರೆಯನ್ನು ಕೊಕ್ಕೆಯಂತೆ ಹಿಡಿಯುತ್ತವೆ. ಸತುವಿನ ಲೇಪನ ಇರಲೇಬೇಕು. ತುಕ್ಕು ಹಿಡಿದರೆ ಅದೇ ಗಾರೆಯನ್ನು ಉಬ್ಬಿಸಿ ಕೆಡವುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ವಾಹನಗಳ ಫಿಲ್ಟರಿನ ಕಾಗದಕ್ಕೆ ಬೆನ್ನಾಸರೆ, ಬ್ಯಾಟರಿಯೊಳಗಿನ ಸೀಸದ ಚೌಕಟ್ಟು, ಕಾರ್ಬನ್ ನಾರಿನ ವಿಮಾನದ ಮೈಯೊಳಗೆ ಸಿಡಿಲಿನ ವಿದ್ಯುತ್ತನ್ನು ಹರಡುವ ತೆಳು ತಾಮ್ರದ ಹಾಳೆ, ಎಲ್ಲ ಇದೇ ಕುಲದವು. ಹೃದಯದ ರಕ್ತನಾಳದಲ್ಲಿಡುವ ಸ್ಟೆಂಟ್ ಈ ಯಂತ್ರದಲ್ಲಿ ತಯಾರಾಗುವುದಲ್ಲ. ಆದರೆ ಅದನ್ನು ರೂಪಿಸಿದ ವೈದ್ಯ ಜೂಲಿಯೊ ಪಾಲ್ಮಾಜ್ ಅವರಿಗೆ ದಾರಿ ತೋರಿಸಿದ್ದು ತಮ್ಮ ಗ್ಯಾರೇಜಿನಲ್ಲಿ ಬಿದ್ದಿದ್ದ ಗಾರೆ ಕೆಲಸದ ಜಾಲಿಯ ತುಂಡು. ಸೀಳಿದ ಕೊಳವೆ ಹಿಗ್ಗಿ ವಜ್ರಾಕಾರವಾಗಿ ನಿಲ್ಲುತ್ತದೆ ಎಂಬ ತತ್ವ ಎರಡಕ್ಕೂ ಒಂದೇ.

ಬಿಸಿಲಿಗೆ ಅಡ್ಡ

ಕಟ್ಟಡದ ಮುಖಕ್ಕೆ ಅಲ್ಯೂಮಿನಿಯಂ ಜಾಲಿ ಹಾಕುವುದು ಈಗ ಫ್ಯಾಷನ್. ನೋಟಕ್ಕಾಗಿ ಮಾತ್ರ ಹಾಕಿದರೆ ಅರ್ಧ ಲಾಭ ಕೈತಪ್ಪುತ್ತದೆ. ವಾಲಿದ ಎಳೆಗಳು ಕಿಟಕಿಯ ಓರೆ ಪಟ್ಟಿಗಳಂತೆ ಕೆಲಸ ಮಾಡಬೇಕಾದರೆ ಉದ್ದ ಕರ್ಣ ಅಡ್ಡಲಾಗಿದ್ದು, ಎಳೆಯ ಹೊರಗಿನ ಅಂಚು ಕೆಳಕ್ಕೆ ಇಳಿದಿರಬೇಕು. ತಲೆಕೆಳಗಾಗಿ ಹಾಕಿದರೆ ಬಿಸಿಲನ್ನು ಒಳಕ್ಕೆ ಕರೆದಂತೆ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಮೇ ತಿಂಗಳ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ಗೋಡೆಗೆ ಆಗ ಅಷ್ಟು ಬಾಧೆಯಿಲ್ಲ. ಕಾಡುವುದು ಪಡುವಣ ಗೋಡೆಯ ಎರಡರಿಂದ ನಾಲ್ಕರ ಬಿಸಿಲು. ಜಾಲಿ ದುಡಿಯುವುದು ಆಗಲೇ. ಸಂಜೆ ಸೂರ್ಯ ಕೆಳಗಿಳಿದ ಮೇಲೆ ಕಿರಣಗಳು ಕಣ್ಣಿನೊಳಗೆ ನೇರವಾಗಿ ನುಗ್ಗುತ್ತವೆ, ಅದಕ್ಕೆ ಪರದೆಯೇ ಬೇಕು. ಜಾಲಿಗೂ ಗೋಡೆಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಡುವುದನ್ನು ಮರೆಯಬೇಡಿ, ಕಾದ ಲೋಹ ಗೋಡೆಗೆ ಅಂಟಿಕೊಂಡಿರಬಾರದು.

ಎಳೆ ಯಾವ ಕಡೆ ವಾಲಿದೆ ಎಂದು ಕಣ್ಣಿಗೆ ಗೊತ್ತಾಗದಿದ್ದರೆ ಚರ್ಮದ ಕೈಗವಸು ಹಾಕಿಕೊಂಡು ಗಿಡ್ಡ ಕರ್ಣದ ಉದ್ದಕ್ಕೆ ಅಂಗೈ ಸವರಿ. ಒಂದು ಕಡೆಗೆ ಕೈ ಜಾರಿಕೊಂಡು ಹೋಗುತ್ತದೆ, ತಿರುಗಿ ಸವರಿದರೆ ತಡೆಯುತ್ತದೆ. ಕತ್ತರಿಸುವ ಮುನ್ನ ಅಲ್ಲೇ ಸೀಮೆಸುಣ್ಣದಲ್ಲಿ ಒಂದು ಬಾಣ ಬರೆದುಕೊಳ್ಳಿ. ಹಾಗೆಯೇ ಎಳೆಗಳ ನಡುವೆ ಕತ್ತರಿಸದೆ ಗಂಟುಗಳ ಮೇಲೆಯೇ ಗೆರೆ ಹಾಯಿಸಿದರೆ ಅಂಚಿನ ಕಣ್ಣುಗಳು ಮುಚ್ಚಿಕೊಂಡಿರುತ್ತವೆ, ಮುಳ್ಳುಗಳೂ ಕಡಿಮೆ.